ಬಹುಭಾಷಾ ವರದಾನ ಯಾತಕ್ಕಾಗಿ?

ಕಳೆದ ತಪಸ್ಸುಕಾಲದ ಒಂದು ಶುಕ್ರವಾರ. ಸಂಜೆಯ ಶಿಲುಬೆಹಾದಿ ಮುಗಿಸಿ ಗುರುನಿವಾಸಕ್ಕೆ ಮರಳಿದಾಗ ನಮ್ಮ ಧರ್ಮಕೇಂದ್ರದ ತಾಯಿಯೊಬ್ಬರು ಜಗಲಿಯ ಮೇಲೆ ಕಾದು ಕುಳಿತಿದ್ದರು. ಇಬ್ಬರು ಮಕ್ಕಳ ತಾಯಿ. ಬೆಳಗಿನ ಬಲಿಪೂಜೆಗೆ ತಪ್ಪದೆ ಬರುವವರು. ಆದರೆ ಕೆಲವು ತಿಂಗಳಿಂದ ಪರಮಪ್ರಸಾದ ಸ್ವೀಕರಿಸಲು ಅವರು ಸಾಲಿನಲ್ಲಿ ನಿಲ್ಲುತ್ತಿರಲಿಲ್ಲ. ನಾನು ಗಮನಿಸಿದ್ದೆ, ಕೇಳಿರಲಿಲ್ಲ. ಅವರೇ ಬಾಯಿಬಿಟ್ಟರು: "ಸ್ವಾಮಿ, ನನ್ನೊಳಗೆ ಪವಿತ್ರಾತ್ಮರು ಇಲ್ಲವಂತೆ."

ನಡೆದದ್ದಿಷ್ಟು. ನೆರೆಮನೆಯವರ ಜೊತೆ ಅವರು ಒಂದು ಪ್ರಾರ್ಥನಾ ಕೂಟಕ್ಕೆ ಹೋಗಿದ್ದರು. ಅಲ್ಲಿ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದ ಮೇಲೆ ಬಾಯಿ ತೆರೆದು ಬಂದಂತೆ ಮಾತನಾಡಲು ಹೇಳಿದರಂತೆ. ಪಕ್ಕದಲ್ಲಿದ್ದವರೆಲ್ಲ ಅನ್ಯಭಾಷೆಯಲ್ಲಿ ದನಿ ಎತ್ತಿದರು. ಇವರ ಬಾಯಿಂದ ಏನೂ ಬರಲಿಲ್ಲ. ಎರಡನೆಯ ಬಾರಿಯೂ ಬರಲಿಲ್ಲ. ಆಗ ಒಬ್ಬರು, ಹೇಳದೆ ಉಳಿಸಿಕೊಂಡ ಪಾಪ ಏನೋ ಇರಬೇಕು, ಅದಕ್ಕೇ ಪವಿತ್ರಾತ್ಮರು ಇಳಿದು ಬರುತ್ತಿಲ್ಲ ಎಂದುಬಿಟ್ಟರು. ಅಂದಿನಿಂದ ಈ ತಾಯಿ ತಮ್ಮ ಬಾಳನ್ನೆಲ್ಲ ತಿರುವಿ ಹಾಕಿ ಆ ಪಾಪವನ್ನು ಹುಡುಕುತ್ತಿದ್ದರು. ಎರಡು ಸಲ ಪಾಪನಿವೇದನೆಯನ್ನೂ ಮಾಡಿದ್ದರು. ಸಿಗದ ಪಾಪಕ್ಕಾಗಿ ಪ್ರಭುವಿನ ಶರೀರದಿಂದ ದೂರ ಉಳಿದಿದ್ದರು.

ಅವರ ಮಾತು ಕೇಳುತ್ತಿದ್ದಂತೆ ನನಗೆ ಇನ್ನೊಬ್ಬರ ನೆನಪಾಯಿತು. ಹಿಂದೆ ನಾನಿದ್ದ ಧರ್ಮಕೇಂದ್ರದಲ್ಲಿ ಆಟೋ ಓಡಿಸುವ ಸಹೋದರರೊಬ್ಬರಿದ್ದರು. ಪರಮಪ್ರಸಾದ ಸ್ವೀಕರಿಸಿ ಹಿಂದಿನ ಬೆಂಚಿನಲ್ಲಿ ಮೊಣಕಾಲೂರಿ, ತುಸುವೇ ಕೇಳಿಸುವ ದನಿಯಲ್ಲಿ, ಯಾರಿಗೂ ಅರ್ಥವಾಗದ ಮಾತುಗಳಲ್ಲಿ ಪ್ರಾರ್ಥಿಸುತ್ತಿದ್ದರು. ಕೆಲವು ಹಿರಿಯರು ದೂರಿದರು. ನಾನು ಅವರನ್ನು ಕರೆದು ಒಂದು ಮಾತು ಕೇಳಬೇಕಿತ್ತು. ಹಾಗೆ ಮಾಡದೆ ಭಾನುವಾರದ ಪ್ರಬೋಧನೆಯಲ್ಲಿ, ನಮ್ಮ ದೇವರಿಗೆ ಕನ್ನಡ ಚೆನ್ನಾಗಿಯೇ ಬರುತ್ತದೆ, ಬೇರೆ ಭಾಷೆ ಕಷ್ಟಪಟ್ಟು ಹುಟ್ಟಿಸಬೇಕಿಲ್ಲ ಎಂದು ಕುಚೋದ್ಯ ಮಾಡಿದೆ. ಜನ ನಕ್ಕರು. ಅವರು ಮುಂದಿನ ಭಾನುವಾರ ಬರಲಿಲ್ಲ, ಆಮೇಲೂ ಬರಲಿಲ್ಲ. ದೈವಶಾಸ್ತ್ರ ಓದಿ ಗುರುಪಟ್ಟ ಪಡೆದವನಿಗೆ, ಅನ್ಯಭಾಷೆಯಲ್ಲಿ ಮಾತನಾಡುವುದನ್ನು ತಡೆಯಬೇಡಿರೆಂದು ಸಂತ ಪೌಲರು ಬರೆದಿರುವುದು ಗೊತ್ತಿರಲಿಲ್ಲವೆಂದು ಹೇಳಲಾರೆ.

ಒಬ್ಬರು ವರ ಇಲ್ಲವೆಂದು ಗಾಯಗೊಂಡರು, ಇನ್ನೊಬ್ಬರು ವರ ಇದೆಯೆಂದು ಗಾಯಗೊಂಡರು. ಪ್ರಿಯ ವಾಚಕರೇ, ಈ ಎರಡೂ ಗಾಯಗಳಿಗೆ ಕಾರಣ ಒಂದೇ. ಈ ವರದಾನ ಯಾತಕ್ಕಾಗಿ ಎಂಬುದನ್ನು ನಾವು ಕೇಳಿಕೊಳ್ಳುವುದಿಲ್ಲ. ಅದು ಇದೆಯೋ ಇಲ್ಲವೋ ಎಂದಷ್ಟೇ ವಾದಿಸುತ್ತೇವೆ.

ಜೆರುಸಲೇಮ್ ಮತ್ತು ಕೊರಿಂಥ

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಬಹುಭಾಷೆ ಎಂದೊಡನೆ ನಮ್ಮ ಕಣ್ಣಿಗೆ ಬರುವುದು ಪಂಚಾಶತ್ತಮ ಹಬ್ಬದ ದಿನ. ಪ್ರೇಷಿತರ ಕಾರ್ಯಕಲಾಪಗಳ ಎರಡನೆಯ ಅಧ್ಯಾಯದಲ್ಲಿ ಸಂತ ಲೂಕರು ಪಾರ್ಥಿಯದವರು, ಮೇದ್ಯದವರು, ಈಜಿಪ್ಟಿನವರು, ರೋಮಿನವರು, ಅರಬ್ಬಿಯವರು ಎಂದು ದೊಡ್ಡ ಪಟ್ಟಿಯನ್ನೇ ಕೊಡುತ್ತಾರೆ. ಅವರೆಲ್ಲರಿಗೂ ದೇವರ ಮಹತ್ಕಾರ್ಯಗಳು ಅವರವರ ತಾಯ್ನುಡಿಯಲ್ಲಿ ಕೇಳಿಸಿದವು. ಅಲ್ಲಿ ಯಾರಿಗೂ ಭಾಷಾಂತರ ಬೇಕಾಗಲಿಲ್ಲ. ಬಾಬೆಲ್ ಗೋಪುರದ ಬಳಿ ಚದುರಿಹೋದ ಮಾನವಕುಲ ಅಂದು ಒಂದಾಗತೊಡಗಿತು. ಆ ಘಟನೆಯ ತಿರುಳು ಅರ್ಥವಾಗುವುದರಲ್ಲಿದೆ.

ಕೊರಿಂಥದಲ್ಲಿ ನಡೆಯುತ್ತಿದ್ದುದು ಹಾಗಲ್ಲ. ಅಲ್ಲಿ ಮಾತನಾಡಿದ್ದು ಯಾರಿಗೂ ಅರ್ಥವಾಗುತ್ತಿರಲಿಲ್ಲ, ಮಾತನಾಡಿದವರಿಗೂ ಅರ್ಥವಾಗುತ್ತಿರಲಿಲ್ಲ. ಅದನ್ನು ತಿಳಿಸಿ ಹೇಳಲು ಬೇರೊಂದು ವರವೇ ಬೇಕಿತ್ತು. ಇಂದು ನಮ್ಮ ಧ್ಯಾನಕೂಟಗಳಲ್ಲಿ ನಾವು ಕೇಳುವುದು ಬಹುಮಟ್ಟಿಗೆ ಈ ಕೊರಿಂಥದ ಬಗೆಯದ್ದು. ಆದ್ದರಿಂದ ಅದರ ಉದ್ದೇಶವನ್ನು ತಿಳಿಯಲು ನಾವು ಹೋಗಬೇಕಾದುದು ಕೊರಿಂಥದವರಿಗೆ ಬರೆದ ಮೊದಲ ಪತ್ರದ 12, 13 ಮತ್ತು 14ನೆಯ ಅಧ್ಯಾಯಗಳಿಗೆ. ಈ ಮೂರನ್ನೂ ಒಟ್ಟಿಗೆ ಓದಬೇಕು. ಮದುವೆಯ ಪೂಜೆಯಲ್ಲಿ ನಾವು ಬಿಡಿಯಾಗಿ ಓದುವ ಹದಿಮೂರನೆಯ ಅಧ್ಯಾಯ, ಅಂದರೆ ಪ್ರೀತಿಯ ಅಧ್ಯಾಯ, ಈ ಅನ್ಯಭಾಷೆಯ ಜಗಳದ ನಟ್ಟನಡುವೆ ಬರೆದದ್ದು ಎಂಬುದು ಎಷ್ಟೋ ಮಂದಿಗೆ ಗೊತ್ತಿಲ್ಲ. ಪ್ರೀತಿಯಿಲ್ಲದವನು ಮನುಷ್ಯರ ಭಾಷೆಯನ್ನಷ್ಟೇ ಅಲ್ಲ, ದೇವದೂತರ ಭಾಷೆಯನ್ನಾಡಿದರೂ ಬರೀ ಜಾಗಟೆಯ ಸದ್ದು ಎಂದು ಪೌಲರು ಬರೆದದ್ದು ಮದುವೆ ಮನೆಗಲ್ಲ. ವರದಾನಗಳ ಮೇಲಾಟದಲ್ಲಿ ಬಿದ್ದಿದ್ದ ಒಂದು ಧರ್ಮಸಭೆಗೆ.

ಕೊರಿಂಥ ಎರಡು ಬಂದರುಗಳ ವ್ಯಾಪಾರದ ಊರು. ಹಣವಂತರೂ ಗುಲಾಮರೂ ಒಂದೇ ಸಭೆಯಲ್ಲಿದ್ದರು. ಪ್ರಭುಭೋಜನದಲ್ಲಿ ಒಬ್ಬನು ಹಸಿದಿರುವಾಗ ಇನ್ನೊಬ್ಬನು ಕುಡಿದು ಮತ್ತನಾಗುತ್ತಿದ್ದ ಸಂಗತಿ ಹನ್ನೊಂದನೆಯ ಅಧ್ಯಾಯದಲ್ಲಿದೆ. ಅಂಥವರು ದೇವರ ವರಗಳನ್ನೂ ಪಂಕ್ತಿಭೇದಕ್ಕೇ ಬಳಸಿಕೊಂಡರು. ಕಣ್ಣಿಗೆ ಕಿವಿಗೆ ಹೆಚ್ಚು ಹೊಡೆಯುವ ವರ ಯಾವುದೋ ಅದೇ ದೊಡ್ಡ ವರವೆಂದು ಎಣಿಸಿದರು. ಪೌಲರು ಸುಮಾರು ಕ್ರಿ.ಶ. 54ರ ಹೊತ್ತಿಗೆ ಎಫೆಸದಿಂದ ಅವರಿಗೆ ಬರೆದ ಉತ್ತರ ಬಹಳ ಜಾಣತನದ್ದು. ಅವರು ಆ ವರವನ್ನು ಹೀಗಳೆಯಲಿಲ್ಲ. ನಿಮ್ಮೆಲ್ಲರಿಗಿಂತ ಹೆಚ್ಚಾಗಿ ನಾನು ಆ ಭಾಷೆಗಳಲ್ಲಿ ಮಾತನಾಡುತ್ತೇನೆ, ಅದಕ್ಕಾಗಿ ದೇವರಿಗೆ ಸ್ತೋತ್ರ ಎಂದರು. ಆದರೆ ಅದೇ ಉಸಿರಿನಲ್ಲಿ, ಸಭೆಯಲ್ಲಿ ಅಂಥ ಹತ್ತು ಸಾವಿರ ಮಾತುಗಳಿಗಿಂತ ಇತರರಿಗೆ ಬೋಧೆಯಾಗುವ ಐದೇ ಮಾತು ತಮಗೆ ಲೇಸು ಎಂದರು. ಐದು ಮತ್ತು ಹತ್ತು ಸಾವಿರ! ಈ ಲೆಕ್ಕವನ್ನು ಪ್ರಾರ್ಥನಾ ಕೂಟಗಳ ಮುಖಂಡರು ಗೋಡೆಯ ಮೇಲೆ ಬರೆಸಿ ಹಾಕಿಕೊಂಡರೆ ತಪ್ಪಿಲ್ಲ.

ಹಾಗಾದರೆ ಉದ್ದೇಶವೇನು? ಪೌಲರ ಉತ್ತರ ಸರಳ. ಆ ಭಾಷೆಯಲ್ಲಿ ಮಾತನಾಡುವವನು ಮನುಷ್ಯರೊಡನೆ ಮಾತನಾಡುವುದಿಲ್ಲ, ದೇವರೊಡನೆ ಮಾತನಾಡುತ್ತಾನೆ. ಅವನ ಆತ್ಮ ಪ್ರಾರ್ಥಿಸುತ್ತದೆ, ಬುದ್ಧಿ ಮಾತ್ರ ಫಲ ಕೊಡದೆ ಸುಮ್ಮನಿರುತ್ತದೆ. ಅದರಿಂದ ಅವನೊಬ್ಬನ ಭಕ್ತಿಜೀವನಕ್ಕೆ ಪುಷ್ಟಿ ದೊರೆಯುತ್ತದೆ. ಅಂದರೆ ಇದು ಮೊದಲಿಗೆ ಪ್ರಾರ್ಥನೆ. ಬೋಧನೆಯಲ್ಲ, ಭವಿಷ್ಯ ನುಡಿಯುವುದಲ್ಲ, ಸಾಕ್ಷ್ಯಪತ್ರವೂ ಅಲ್ಲ. ಮಾತು ಸಾಲದೆ ಹೋದಾಗ ಹೃದಯ ತಾನೇ ದೇವರ ಮುಂದೆ ನಿಲ್ಲುವ ಒಂದು ಬಗೆ.

ಸಾಹಿತ್ಯವಿಲ್ಲದ ಹಾಡು

ಇದು ಅಷ್ಟೇನೂ ವಿಚಿತ್ರವಲ್ಲ. ನಮ್ಮ ಸಂಗೀತ ಕಛೇರಿಗೆ ಹೋದವರು ನೋಡಿರುತ್ತೀರಿ. ಹಾಡುಗಾರರು ಕೃತಿಯನ್ನು ಎತ್ತಿಕೊಳ್ಳುವ ಮೊದಲು ರಾಗದ ಆಲಾಪನೆ ಮಾಡುತ್ತಾರೆ. ಅದರಲ್ಲಿ ಸಾಹಿತ್ಯವಿಲ್ಲ. ಅರ್ಧ ಗಂಟೆ ಹಾಡಿದರೂ ಇಂಥದ್ದನ್ನು ಹೇಳಿದರು ಎಂದು ಹೇಳಲಾಗದು. ಆದರೂ ಕೇಳಿದವರ ಕಣ್ಣು ಒದ್ದೆಯಾಗುತ್ತದೆ. ಮಗುವನ್ನು ಮಲಗಿಸುವ ತಾಯಿ ಪದ ಮುಗಿದ ಮೇಲೂ ಗುನುಗುತ್ತಲೇ ಇರುತ್ತಾಳೆ. ಸಾವಿನ ಮನೆಯಲ್ಲಿ ಅಳುವವರ ಬಾಯಿಂದ ಬರುವುದೆಲ್ಲ ನಿಘಂಟಿನಲ್ಲಿರುವ ಮಾತಲ್ಲ. ಅದನ್ನು ಯಾರೂ ಅರ್ಥಹೀನ ಎನ್ನುವುದಿಲ್ಲ.

ಸಂತ ಅಗಸ್ಟೀನರು ಕೀರ್ತನೆಗಳಿಗೆ ಬರೆದ ವ್ಯಾಖ್ಯಾನದಲ್ಲಿ ಇದನ್ನೇ ಚೆನ್ನಾಗಿ ವಿವರಿಸಿದ್ದಾರೆ. ಸುಗ್ಗಿಯ ಹೊಲದಲ್ಲೋ ದ್ರಾಕ್ಷಿ ತೋಟದಲ್ಲೋ ದುಡಿಯುವವರು ಮೊದಲು ಮಾತಿರುವ ಹಾಡನ್ನೇ ಹಾಡುತ್ತಾರೆ. ಸಂತೋಷ ಉಕ್ಕಿದಂತೆ ಮಾತು ಕೈಬಿಟ್ಟು ಬರೀ ದನಿ ಉಳಿಯುತ್ತದೆ. ಹೃದಯ ಹೆರಲು ಹೊರಟಿದ್ದನ್ನು ನಾಲಿಗೆ ಹೇಳಲಾರದು ಎಂಬುದಕ್ಕೆ ಅದೇ ಗುರುತು. ಮಾತಿಗೆ ಮೀರಿದವರು ದೇವರಲ್ಲದೆ ಇನ್ನಾರು ಎಂದು ಅವರು ಕೇಳುತ್ತಾರೆ. ಲತೀನ್ ಪೂಜೆಯ ಕಾಲದಲ್ಲಿ ಗ್ರೆಗೋರಿಯನ್ ಗಾಯನದ ಅಲ್ಲೆಲೂಯದ ಕೊನೆಯ ಸ್ವರವನ್ನು ಉದ್ದಕ್ಕೆ ಎಳೆದು ಹಾಡುತ್ತಿದ್ದುದು ಈ ಉಲ್ಲಾಸಕ್ಕಾಗಿಯೇ. ಅವಿಲಾದ ಸಂತ ತೆರೇಸಾ ಕೂಡ ಆತ್ಮ ಆನಂದದಿಂದ ತುಂಬಿ, ಕ್ರಮವಿಲ್ಲದ ಮಾತುಗಳಲ್ಲಿ ದೇವರನ್ನು ಸ್ತುತಿಸುವ ಪ್ರಾರ್ಥನೆಯ ಬಗ್ಗೆ ತಮ್ಮ ಅನುಭವದಿಂದ ಬರೆದಿದ್ದಾರೆ. ಇವು ಕೊರಿಂಥದ ವರವೇ ಎಂದು ನಾನು ಹೇಳುವುದಿಲ್ಲ. ಅದೇ ಮನೆಯ ಪಕ್ಕದ ಕೋಣೆ ಎನ್ನಬಹುದು.

ಸಂತೋಷಕ್ಕೆ ಮಾತ್ರವಲ್ಲ, ದುಃಖಕ್ಕೂ ಇದು ಸಲ್ಲುತ್ತದೆ. ರೋಮಿನವರಿಗೆ ಬರೆದ ಪತ್ರದ ಎಂಟನೆಯ ಅಧ್ಯಾಯದಲ್ಲಿ ಪೌಲರು, ಹೇಗೆ ಪ್ರಾರ್ಥಿಸಬೇಕೆಂದು ನಮಗೇ ತಿಳಿಯದಿರುವಾಗ ಪವಿತ್ರಾತ್ಮರು ಮಾತಿಗೆ ಎಟುಕದ ನರಳಾಟದಿಂದ ನಮ್ಮ ಪರವಾಗಿ ಬೇಡುತ್ತಾರೆ ಎನ್ನುತ್ತಾರೆ. ಈ ವಚನ ನೇರವಾಗಿ ಬಹುಭಾಷೆಯ ಕುರಿತದ್ದೋ ಅಲ್ಲವೋ ಎಂಬುದರಲ್ಲಿ ಪಂಡಿತರಿಗೆ ಒಮ್ಮತವಿಲ್ಲ. ಆದರೆ ಆ ವರವುಳ್ಳ ಹಲವರನ್ನು ನಾನು ಮಾತನಾಡಿಸಿದ್ದೇನೆ. ಅವರು ಹೇಳುವುದು ಒಂದೇ: "ಫಾದರ್, ಏನು ಕೇಳಬೇಕೋ ಗೊತ್ತಾಗದಿದ್ದಾಗ ಹೀಗೆ ಪ್ರಾರ್ಥಿಸುತ್ತೇನೆ." ನಮ್ಮಂಥ ಓದಿದವರಿಗೆ ಇದು ಕಷ್ಟ. ನಾವು ದೇವರ ಮುಂದೆಯೂ ವಾಕ್ಯ ತಿದ್ದುತ್ತ ನಿಲ್ಲುತ್ತೇವೆ. ಬುದ್ಧಿ ಸ್ವಲ್ಪ ಹೊತ್ತು ಪಕ್ಕಕ್ಕೆ ಸರಿದು, ಮಗುವಿನಂತೆ ತೊದಲಲು ಒಪ್ಪುವುದೇ ಒಂದು ದೀನತೆ. ಅಂದಹಾಗೆ ಈ ವರ ನನಗಿಲ್ಲ. ಇದ್ದಿದ್ದರೆ ಆ ಪ್ರಬೋಧನೆಯಲ್ಲಿ ನಾಲಿಗೆ ಸ್ವಲ್ಪ ಹಿಡಿತದಲ್ಲಿರುತ್ತಿತ್ತೋ ಏನೋ.

ಎಲ್ಲರಿಗೂ ಬರಲೇಬೇಕೆ?

ಇಲ್ಲಿಗೆ ಆ ತಾಯಿಯ ಪ್ರಶ್ನೆಗೆ ಬರೋಣ. ಅನ್ಯಭಾಷೆ ಬಾರದಿದ್ದರೆ ಪವಿತ್ರಾತ್ಮರು ಇಲ್ಲವೆಂಬ ಬೋಧೆ ಎಲ್ಲಿಂದ ಬಂತು? ಅದಕ್ಕೆ ನೂರ ಇಪ್ಪತ್ತು ವರ್ಷಗಳ ಚರಿತ್ರೆಯಿದೆ, ಎರಡು ಸಾವಿರ ವರ್ಷಗಳದ್ದಲ್ಲ. 1901ರಲ್ಲಿ ಅಮೆರಿಕದ ಕಾನ್ಸಾಸ್ ರಾಜ್ಯದ ಟೊಪೀಕ ಎಂಬ ಊರಿನ ಬೈಬಲ್ ಶಾಲೆಯಲ್ಲಿ ಚಾರ್ಲ್ಸ್ ಪಾರ್ಹಮ್ ಎಂಬ ಬೋಧಕರು, ಪವಿತ್ರಾತ್ಮರ ಸ್ನಾನಕ್ಕೆ ಅನ್ಯಭಾಷೆಯೇ ಬೈಬಲ್ ಹೇಳುವ ಗುರುತು ಎಂದು ಕಲಿಸಿದರು. 1906ರಲ್ಲಿ ಲಾಸ್ ಏಂಜಲೀಸ್ ನಗರದ ಅಜೂಸ ಬೀದಿಯಲ್ಲಿ, ಗುಲಾಮರಾಗಿದ್ದವರ ಮಗನಾದ ವಿಲಿಯಂ ಸೀಮೋರ್ ನಡೆಸಿದ ಪ್ರಾರ್ಥನಾ ಸಭೆಗಳಿಂದ ಅದು ಲೋಕವನ್ನೆಲ್ಲ ಮುಟ್ಟಿತು. ಪೆಂತೆಕೋಸ್ತ್ ಸಭೆಗಳು ಬೆಳೆದದ್ದು ಹಾಗೆ. ಕರಿಯರೂ ಬಿಳಿಯರೂ ಜೊತೆಯಾಗಿ ಕೂರದಿದ್ದ ಕಾಲದಲ್ಲಿ ಅಲ್ಲಿ ಒಟ್ಟಿಗೆ ಮೊಣಕಾಲೂರಿದರೆಂಬುದನ್ನು ನಾವು ಗೌರವದಿಂದ ನೆನೆಯಬೇಕು.

ನಮ್ಮ ದೇಶದಲ್ಲಿ ಇಂಥದ್ದು ಬೇರೆಯಾಗಿಯೇ ಕಾಣಿಸಿಕೊಂಡಿತ್ತು. ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ 1858ರಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿ ಪುಣೆಯ ಬಳಿಯ ಕೆಡಗಾಂವ್‌ನಲ್ಲಿ ವಿಧವೆಯರಿಗೂ ಅನಾಥ ಹೆಣ್ಣುಮಕ್ಕಳಿಗೂ ಮುಕ್ತಿ ಸದನವನ್ನು ನಡೆಸುತ್ತಿದ್ದರು. 1905ರಲ್ಲಿ ಅಲ್ಲಿ ದೊಡ್ಡ ಭಕ್ತಿ ಜಾಗೃತಿ ಉಂಟಾಯಿತು. ಮುಂದೆ ಕೆಲವರು ಅನ್ಯಭಾಷೆಯಲ್ಲೂ ಪ್ರಾರ್ಥಿಸಿದರು. ಆದರೆ ಎಲ್ಲರಿಗೂ ಅದು ಬಂದೇ ತೀರಬೇಕೆಂಬ ನಿಯಮವನ್ನು ಅಲ್ಲಿ ಹೇರಲಿಲ್ಲ. ನನಗೆ ಈ ನಡೆ ಪೌಲರಿಗೆ ಹತ್ತಿರವೆನಿಸುತ್ತದೆ.

ಪೌಲರು ಹನ್ನೆರಡನೆಯ ಅಧ್ಯಾಯದ ಕೊನೆಯಲ್ಲಿ ಒಂದರ ಮೇಲೊಂದು ಪ್ರಶ್ನೆ ಹಾಕುತ್ತಾರೆ. ಎಲ್ಲರೂ ಪ್ರೇಷಿತರೋ? ಎಲ್ಲರಿಗೂ ಗುಣಪಡಿಸುವ ವರವಿದೆಯೋ? ಎಲ್ಲರೂ ಬಹುಭಾಷೆಗಳನ್ನಾಡುತ್ತಾರೋ? ಪ್ರತಿಯೊಂದಕ್ಕೂ ಉತ್ತರ 'ಇಲ್ಲ' ಎಂದೇ. ದೇಹವೆಲ್ಲ ಕಣ್ಣಾಗಿದ್ದರೆ ಕೇಳುವುದೆಂತು ಎಂದು ಅದೇ ಅಧ್ಯಾಯದಲ್ಲಿ ಕೇಳಿದವರಲ್ಲವೆ ಅವರು? ಪ್ರೇಷಿತರ ಕಾರ್ಯಕಲಾಪಗಳನ್ನೇ ನೋಡಿ. ಸೆಜರೇಯದಲ್ಲಿ ಕೊರ್ನೇಲಿಯನ ಮನೆಯವರಿಗೂ ಎಫೆಸದ ಸುಮಾರು ಹನ್ನೆರಡು ಮಂದಿಗೂ ಆ ವರ ಬಂತೆಂದು ಲೂಕರು ಹೇಳುತ್ತಾರೆ. ಆದರೆ ಪಂಚಾಶತ್ತಮ ದಿನವೇ ದೀಕ್ಷಾಸ್ನಾನ ಪಡೆದ ಮೂರು ಸಾವಿರ ಮಂದಿಯ ಬಗ್ಗೆ ಹಾಗೆ ಹೇಳಿಲ್ಲ. ಸಮಾರಿಯದಲ್ಲಿ ಪೇತ್ರ ಯೊವಾನ್ನರು ಕೈಯಿಟ್ಟಾಗಲೂ ಹೇಳಿಲ್ಲ. ಇಥಿಯೋಪಿಯದ ಅಧಿಕಾರಿ ದೀಕ್ಷಾಸ್ನಾನ ಪಡೆದು ಸಂತೋಷದಿಂದ ದಾರಿ ಹಿಡಿದು ಹೋದ, ಅಷ್ಟೇ.

ಎರಡನೆಯ ಶತಮಾನದಲ್ಲಿ ಸಂತ ಇರೇನಿಯಸ್, ಸಭೆಯಲ್ಲಿ ಇಂಥ ಭಾಷೆಗಳನ್ನಾಡುವ ಸಹೋದರರ ಬಗ್ಗೆ ಬರೆಯುತ್ತಾರೆ. ಇನ್ನೂರು ವರ್ಷಗಳ ನಂತರ ಸಂತ ಯೊವಾನ್ನ ಕ್ರಿಸೋಸ್ತೋಮರು, ಆ ಸಂಗತಿಗಳು ಈಗ ನಡೆಯದಿರುವುದರಿಂದ ಪೌಲರ ಈ ಭಾಗ ತಮಗೆ ಅಸ್ಪಷ್ಟ ಎಂದು ಒಪ್ಪಿಕೊಳ್ಳುತ್ತಾರೆ. ಅಗಸ್ಟೀನರಂತೂ, ಕೈಯಿಟ್ಟು ಪ್ರಾರ್ಥಿಸಿದವರು ಇಂದು ಅನ್ಯಭಾಷೆಯಾಡಲೆಂದು ಯಾರೂ ಕಾಯುವುದಿಲ್ಲ. ಪವಿತ್ರಾತ್ಮರು ಇದ್ದಾರೋ ಇಲ್ಲವೋ ತಿಳಿಯಬೇಕಾದರೆ ಸಹೋದರನ ಮೇಲೆ ಪ್ರೀತಿಯಿದೆಯೇ ಎಂದು ನಿನ್ನ ಹೃದಯವನ್ನೇ ಕೇಳಿಕೋ ಎನ್ನುತ್ತಾರೆ. ಶತಮಾನಗಳ ಕಾಲ ಈ ವರವಿಲ್ಲದೆಯೇ ರಕ್ತಸಾಕ್ಷಿಗಳೂ ಸಂತರೂ ಆಗಿಹೋದರು. ಅವರೊಳಗೆ ಪವಿತ್ರಾತ್ಮರು ಇರಲಿಲ್ಲವೆ?

ನಾವು ಕಥೋಲಿಕರು. ದೀಕ್ಷಾಸ್ನಾನದಲ್ಲಿ ಪವಿತ್ರಾತ್ಮರು ನಮ್ಮಲ್ಲಿ ನೆಲೆಸಿದರು. ದೃಢೀಕರಣ ಸಂಸ್ಕಾರದಲ್ಲಿ ಧರ್ಮಾಧ್ಯಕ್ಷರು ಹಣೆಗೆ ಪರಿಮಳ ತೈಲ ಹಚ್ಚಿದಾಗ ಅವರ ವರದ ಮುದ್ರೆ ಬಿತ್ತು. ಆ ಮುದ್ರೆ ನಮ್ಮ ನಾಲಿಗೆಯ ಚುರುಕಿನ ಮೇಲೆ ನಿಂತಿಲ್ಲ.

ತಡೆಯಬೇಡಿ, ಆದರೆ ಪರೀಕ್ಷಿಸಿ

ಹಾಗೆಂದು ಈಗ ಕಾಣುವುದೆಲ್ಲ ಬರೀ ಆವೇಶ ಎಂದು ತಳ್ಳಿಹಾಕುವುದು ಇನ್ನೊಂದು ತಪ್ಪು. ಎರಡನೆಯ ವ್ಯಾಟಿಕನ್ ಮಹಾಸಭೆಯಲ್ಲೇ ಈ ವಾದ ನಡೆಯಿತು. 1963ರಲ್ಲಿ ಕಾರ್ಡಿನಲ್ ರುಫೀನಿ, ಇಂಥ ವರಗಳು ಈಗ ಅತಿ ವಿರಳವೆಂದರು. ಕಾರ್ಡಿನಲ್ ಸೂನೆನ್ಸ್ ಎದ್ದು, ಅವು ಇಂದಿನ ಧರ್ಮಸಭೆಗೂ ಬೇಕಾದುವೆಂದು ವಾದಿಸಿದರು. 1964ರ ಧರ್ಮಸಭೆಯ ಕುರಿತ ಸಂವಿಧಾನದ ಹನ್ನೆರಡನೆಯ ಪರಿಚ್ಛೇದದಲ್ಲಿ ಸೂನೆನ್ಸರ ಮಾತು ಗೆದ್ದಿತು. ವರಗಳು ದೊಡ್ಡವಾಗಲಿ ಸಾಧಾರಣವಾಗಲಿ ಕೃತಜ್ಞತೆಯಿಂದ ಸ್ವೀಕರಿಸಬೇಕು. ಅಸಾಧಾರಣ ವರಗಳಿಗಾಗಿ ದುಡುಕಿ ಹಂಬಲಿಸಬಾರದು. ಅವುಗಳ ನೈಜತೆಯನ್ನು ತೀರ್ಮಾನಿಸುವ ಹೊಣೆ ಧರ್ಮಸಭೆಯ ಪಾಲಕರದು, ಆದರೆ ಅವರೂ ಪವಿತ್ರಾತ್ಮರನ್ನು ನಂದಿಸಬಾರದು. ಈ ಕೊನೆಯ ಮಾತು ನನ್ನಂಥವರಿಗೆ.

ಮೂರೇ ವರ್ಷದಲ್ಲಿ, 1967ರ ಫೆಬ್ರವರಿಯಲ್ಲಿ, ಅಮೆರಿಕದ ಡುಕೇನ್ ಕಥೋಲಿಕ ವಿಶ್ವವಿದ್ಯಾಲಯದ ಸುಮಾರು ಇಪ್ಪತ್ತೈದು ವಿದ್ಯಾರ್ಥಿಗಳು ಪ್ರೇಷಿತರ ಕಾರ್ಯಕಲಾಪಗಳನ್ನು ಓದಿ ಧ್ಯಾನಕ್ಕೆ ಕುಳಿತಾಗ ಕ್ಯಾರಿಸ್ಮ್ಯಾಟಿಕ್ ನವೀಕರಣ ಶುರುವಾಯಿತು. 1975ರಲ್ಲಿ ಆರನೆಯ ಪೌಲ್ ಜಗದ್ಗುರುಗಳು ಅದರ ಸಾವಿರಾರು ಸದಸ್ಯರನ್ನು ರೋಮಿನಲ್ಲಿ ಬರಮಾಡಿಕೊಂಡರು. 1992ರ ಧರ್ಮೋಪದೇಶ ಗ್ರಂಥ ಬಹುಭಾಷಾ ವರವನ್ನು ಹೆಸರಿಸಿಯೇ, ಅಂಥ ವರಗಳೆಲ್ಲ ಪ್ರೀತಿಯ ಸೇವೆಗೆ, ಧರ್ಮಸಭೆಯ ಒಳಿತಿಗೆ ಇರುವುವೆಂದು ಕಲಿಸುತ್ತದೆ. ನಮ್ಮ ಊರುಗಳಲ್ಲೂ ಕುಡಿತ ಬಿಟ್ಟವರು, ಇಪ್ಪತ್ತು ವರ್ಷಗಳ ನಂತರ ಪಾಪನಿವೇದನೆಗೆ ಬಂದವರು, ಬೈಬಲ್ ತೆರೆದವರು ಈ ನವೀಕರಣದಿಂದ ಎಷ್ಟು ಮಂದಿ ಎಂಬುದು ಗುರುಗಳಿಗೆ ಗೊತ್ತು.

ಪರೀಕ್ಷಿಸುವುದು ಹೇಗೆ? ಕೆಲವರು ವಿಜ್ಞಾನವನ್ನು ಕೇಳುತ್ತಾರೆ. ಭಾಷಾಶಾಸ್ತ್ರಜ್ಞ ವಿಲಿಯಂ ಸಮಾರಿನ್ 1972ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇದಕ್ಕೆ ಮನುಷ್ಯರ ಭಾಷೆಯ ವ್ಯಾಕರಣ ರಚನೆಯಿಲ್ಲ, ಇದರ ದನಿಗಳು ಬಹುಮಟ್ಟಿಗೆ ಆಡುವವರಿಗೆ ಗೊತ್ತಿರುವ ಭಾಷೆಯ ದನಿಗಳೇ ಎಂದು ತೋರಿಸಿದರು. 2006ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು ಐವರು ಮಹಿಳೆಯರನ್ನು ಪರೀಕ್ಷಿಸಿದಾಗ, ಭಕ್ತಿಗೀತೆ ಹಾಡುವಾಗ ಇರುವುದಕ್ಕಿಂತ ಅನ್ಯಭಾಷೆಯಲ್ಲಿ ಪ್ರಾರ್ಥಿಸುವಾಗ ಮೆದುಳಿನ ಮುಂಭಾಗದ ಚಟುವಟಿಕೆ ತಗ್ಗಿತ್ತು. ಇದನ್ನು ಓದಿ ಕೆಲವರು ವಿಶ್ವಾಸ ಕೆಟ್ಟಿತೆಂದು ಹೆದರುತ್ತಾರೆ, ಕೆಲವರು ವಿಶ್ವಾಸ ರುಜುವಾಯಿತೆಂದು ಹಿಗ್ಗುತ್ತಾರೆ. ಎರಡೂ ಬೇಡ. ಅದು ಭಾಷೆಯಲ್ಲವೆಂದರೆ ಪ್ರಾರ್ಥನೆಯಲ್ಲವೆಂದಾಗುವುದಿಲ್ಲ; ಆಲಾಪನೆಗೂ ವ್ಯಾಕರಣವಿಲ್ಲ. ಬುದ್ಧಿ ಸುಮ್ಮನಿರುತ್ತದೆಂದು ಪೌಲರು ಯಾವ ಯಂತ್ರವೂ ಇಲ್ಲದೆ ಹೇಳಿದ್ದರು.

ಇನ್ನೊಂದು ಗುರುತು ಹೆಚ್ಚು ಉಪಯುಕ್ತ. ನಮ್ಮ ಹಳ್ಳಿಗಳಲ್ಲಿ ಮೈಮೇಲೆ ಬರುವುದನ್ನು ನೋಡಿದವರು, ಇದೂ ಅದೇ ಏನೋ ಎಂದು ಅಂಜುತ್ತಾರೆ. ಆದರೆ ಪೌಲರ ಅಪ್ಪಣೆ ನೋಡಿ: ಇಬ್ಬರು, ಹೆಚ್ಚೆಂದರೆ ಮೂವರು, ಒಬ್ಬರಾದ ಮೇಲೆ ಒಬ್ಬರು ಮಾತನಾಡಲಿ, ಅರ್ಥ ಹೇಳುವವರಿಲ್ಲದಿದ್ದರೆ ಸಭೆಯಲ್ಲಿ ಮೌನವಾಗಿದ್ದು ತನ್ನೊಳಗೇ ದೇವರೊಡನೆ ಮಾತನಾಡಿಕೊಳ್ಳಲಿ. ನಿಲ್ಲಿಸಬಲ್ಲವನಿಗೆ ಮಾತ್ರ ನಿಲ್ಲಿಸು ಎಂದು ಹೇಳಲಾಗುತ್ತದೆ. ನಿಜವಾದ ವರ ಮನುಷ್ಯನ ಸ್ವಾತಂತ್ರ್ಯವನ್ನು ಕಿತ್ತುಕೊಳ್ಳುವುದಿಲ್ಲ. ನನ್ನನ್ನು ತಡೆಯಲಾಗದು, ಆತ್ಮವೇ ಆಡಿಸುತ್ತಿದೆ ಎಂದು ಕೂಗುವವರ ಬಗ್ಗೆ ಎಚ್ಚರವಿರಲಿ. 1614ರ ರೋಮನ್ ವಿಧಿಗ್ರಂಥವು ಅರಿಯದ ಭಾಷೆಯನ್ನಾಡುವುದನ್ನು ದೆವ್ವ ಹಿಡಿದ ಸೂಚನೆಗಳಲ್ಲೂ ಸೇರಿಸಿತ್ತು. ಬಾಯಿಂದ ಹೊರಡುವ ದನಿಯೊಂದೇ ಏನನ್ನೂ ಸಾಬೀತು ಮಾಡದು. ಗಲಾತ್ಯದವರಿಗೆ ಪೌಲರು ಎಣಿಸಿ ಕೊಟ್ಟ ಫಲಗಳು, ಅಂದರೆ ಪ್ರೀತಿ, ಆನಂದ, ಶಾಂತಿ, ಸಹನೆ ಮೊದಲಾದುವು ಮನೆಯಲ್ಲಿ ಕಾಣಿಸುತ್ತವೆಯೇ ನೋಡಬೇಕು. ಪ್ರಾರ್ಥನಾ ಕೂಟದಿಂದ ಬಂದವರು ಅತ್ತೆಯೊಡನೆ, ಸೊಸೆಯೊಡನೆ, ಬಾಡಿಗೆಯವರೊಡನೆ ಹೇಗೆ ಮಾತನಾಡುತ್ತಾರೆ? ಆ ಭಾಷೆ ಎಲ್ಲರಿಗೂ ಅರ್ಥವಾಗುತ್ತದೆ.

ಕೂಟಗಳನ್ನು ನಡೆಸುವವರಿಗೆ ಒಂದೆರಡು ಮಾತು. ಒಂದೇ ಶಬ್ದವನ್ನು ಬೇಗ ಬೇಗ ಹೇಳಿಸಿ ಅನ್ಯಭಾಷೆಯನ್ನು ಕಲಿಸುವ ಅಭ್ಯಾಸವನ್ನು ದಯವಿಟ್ಟು ಬಿಡಿ. ವರವೆಂದರೆ ಕೊಡುಗೆ. ಎಲ್ಲರ ಕಣ್ಣೆದುರು ಒಬ್ಬರನ್ನು ನಿಲ್ಲಿಸಿ ಒತ್ತಾಯಿಸಿದರೆ ಧೈರ್ಯಸ್ಥರು ನಟಿಸುತ್ತಾರೆ, ಪ್ರಾಮಾಣಿಕರು ನೊಂದುಕೊಂಡು ಮನೆಗೆ ಹೋಗುತ್ತಾರೆ. ಬಾರದವರಿಗೆ ಪಾಪದ ಹೊರೆ ಹೊರಿಸುವ ಅಧಿಕಾರ ಯಾರಿಗೂ ಇಲ್ಲ. ವ್ಯಾಟಿಕನ್ 2000ದಲ್ಲಿ ಗುಣಪಡಿಸುವ ಪ್ರಾರ್ಥನೆಗಳ ಕುರಿತು ಹೊರಡಿಸಿದ ಸೂಚನೆಯಲ್ಲಿ ಉನ್ಮಾದ, ಕೃತಕತೆ, ನಾಟಕೀಯತೆಗಳಿಗೆ ಎಡೆಗೊಡಬಾರದೆಂದಿದೆ. ಅದು ಇಲ್ಲಿಗೂ ಸಲ್ಲುತ್ತದೆ.

ಬಲಿಪೂಜೆಯ ವಿಷಯ ಬೇರೆ. ನನ್ನ ಅಜ್ಜಿ ಲತೀನ್ ಪ್ರಾರ್ಥನಾಮಾಲೆಗೆ ಅರ್ಥ ತಿಳಿಯದೆಯೇ ತಪ್ಪಿಲ್ಲದೆ ಉತ್ತರ ಕೊಡುತ್ತಿದ್ದರು. ದೇವರು ಅದನ್ನು ಕೇಳಿದರೆಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೂ 1963ರಲ್ಲಿ ಮಹಾಸಭೆ ಜನರ ಭಾಷೆಗೆ ದಾರಿ ತೆರೆದು, ಮುಂದೆ ಪೀಠದ ಮೇಲೆ ಕನ್ನಡ ಕೇಳಿಸಿತಲ್ಲ, ಅದರ ಹಿಂದೆ ಇರುವುದು ಪೌಲರು ಇದೇ ಹದಿನಾಲ್ಕನೆಯ ಅಧ್ಯಾಯದಲ್ಲಿ ಕೇಳಿದ ಪ್ರಶ್ನೆಯೇ: ನೀನು ಹೇಳಿದ್ದು ಅರ್ಥವಾಗದಿದ್ದರೆ ಪಕ್ಕದವನು ನಿನ್ನ ಸ್ತೋತ್ರಕ್ಕೆ 'ಆಮೆನ್' ಎನ್ನುವುದು ಹೇಗೆ? ಪೂಜೆ ಇಡೀ ಸಭೆಯ ಪ್ರಾರ್ಥನೆ. ಅಲ್ಲಿ ಯಾರೂ ಗಟ್ಟಿಯಾಗಿ ಅನ್ಯಭಾಷೆಯಲ್ಲಿ ದನಿ ಎತ್ತಬಾರದೆಂಬುದು ನನ್ನ ಅಭಿಪ್ರಾಯ. ಪರಮಪ್ರಸಾದದ ನಂತರದ ಮೌನದಲ್ಲಿ ಒಬ್ಬರು ತುಟಿಯಾಡಿಸಿದರೆ ಅದು ಅವರಿಗೂ ಪ್ರಭುವಿಗೂ ಬಿಟ್ಟದ್ದು. ಹಿಂದೆ ಕೂತವರು ಕಿವಿಗೊಟ್ಟು ಆಲಿಸಬೇಕಾಗಿಲ್ಲ. ಗುರುಗಳು ಪ್ರಬೋಧನೆಯಲ್ಲಿ ನಗೆಯಾಡಬೇಕಾಗಿಯೂ ಇಲ್ಲ.

ಆ ತಾಯಿಗೆ ನಾನು ಇಷ್ಟನ್ನೆಲ್ಲ ಹೇಳಲಿಲ್ಲ. ಹನ್ನೆರಡನೆಯ ಅಧ್ಯಾಯದ ಆ ಪ್ರಶ್ನೆಗಳನ್ನು ಅವರಿಂದಲೇ ಓದಿಸಿದೆ. ಆಮೇಲೆ, "ನಿಮಗೆ ಪ್ರಾರ್ಥನೆ ಮಾಡಲು ಮಾತೇ ಬಾರದೆ ಹೋದದ್ದು ಯಾವಾಗಲಾದರೂ ಉಂಟೇನಮ್ಮ?" ಎಂದು ಕೇಳಿದೆ. ಚಿಕ್ಕ ಮಗನಿಗೆ ಡೆಂಗಿ ಜ್ವರ ಬಂದು ಆಸ್ಪತ್ರೆಯಲ್ಲಿದ್ದ ರಾತ್ರಿ ಬೆಳಗಿನವರೆಗೆ ಹಾಸಿಗೆಯ ಕಂಬಿ ಹಿಡಿದು 'ಯೇಸುವೇ, ಯೇಸುವೇ' ಎಂದಷ್ಟೇ ಹೇಳುತ್ತಿದ್ದೆ, ಜಪಸರದ ಮಂತ್ರವೂ ನೆನಪಾಗಲಿಲ್ಲ ಎಂದರು. ಯೇಸುವನ್ನು ಪ್ರಭು ಎಂದು ಕರೆಯುವುದು ಪವಿತ್ರಾತ್ಮರ ಪ್ರೇರಣೆಯಿಲ್ಲದೆ ಯಾರಿಂದಲೂ ಆಗದೆಂದು ಅದೇ ಅಧ್ಯಾಯದ ಆರಂಭದಲ್ಲಿರುವುದನ್ನು ತೋರಿಸಿದೆ. ಸುಮ್ಮನೆ ಎರಡು ಸಲ ಓದಿಕೊಂಡರು. ಗರಿಗಳ ಭಾನುವಾರ ಅವರು ಪರಮಪ್ರಸಾದದ ಸಾಲಿನಲ್ಲಿದ್ದರು.

ಆಟೋ ಓಡಿಸುವ ಸಹೋದರರನ್ನು ಹುಡುಕಲು ನನಗೆ ಈಸ್ಟರ್ ಕಳೆಯಬೇಕಾಯಿತು. ಅವರು ಈಗ ಬೇರೊಂದು ಸಭೆಗೆ ಹೋಗುತ್ತಾರೆ. ನಿಲ್ದಾಣದಲ್ಲಿ ಸಾಲಿನಲ್ಲಿದ್ದ ಆಟೋದಲ್ಲೇ ಕುಳಿತು ಕ್ಷಮೆ ಕೇಳಿದೆ. "ಬಿಡಿ ಫಾದರ್, ಹಳೇದು," ಎಂದರು. ಆದರೂ ಮುಖ ಬಿಗಿದೇ ಇತ್ತು. ನನಗಾಗಿ ಪ್ರಾರ್ಥಿಸುತ್ತೀರಾ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಹ್ಯಾಂಡಲ್ ಮೇಲಿದ್ದ ಕೈಯನ್ನು ನನ್ನ ಕೈಯ ಮೇಲಿಟ್ಟರು. ಅನ್ಯಭಾಷೆಯಲ್ಲಿ ಪ್ರಾರ್ಥಿಸಬಹುದೆಂದು ಕಾದೆ. ಅವರು ಕನ್ನಡದಲ್ಲೇ ಪ್ರಾರ್ಥಿಸಿದರು, ನನಗೆ ಅರ್ಥವಾಗುವಂತೆ ನಿಧಾನವಾಗಿ. ಮುಂದಿನ ಗಾಡಿ ಹೊರಟಿತು, ಹಿಂದಿನವರು ಹಾರ್ನ್ ಒತ್ತಿದರು. ನಾನು ಆಮೆನ್ ಎಂದು ಇಳಿದೆ.